ಕಾಲು ತೊಳೆದು ಬಂದವರು

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಳಿ ಸಂಶೋಧನಾ ಕೇಂದ್ರದ ವಿಜ್ಞಾನಿ ಮೇಡಂ ಠಾಣೆಗೆ ಬಂದರು. ಹಸಿರುಮನೆಯಲ್ಲಿದ್ದ ಹೊಸ ಟೊಮೇಟೊ ತಳಿಯ ಗಿಡಗಳನ್ನೆಲ್ಲ ರಜೆಯ ದಿನ ಯಾರೋ ಬೇರುಸಹಿತ ಕಿತ್ತುಹಾಕಿದ್ದಾರೆ ಎಂದು ದೂರು. ಗಿಡ ಕಿತ್ತದ್ದಕ್ಕೂ ಎಫ್‌ಐಆರೇ ಎಂದು ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ ಗೊಣಗಿಕೊಂಡು ದಾಖಲಿಸಿಕೊಂಡರು, ದಫೇದಾರನೊಂದಿಗೆ ಹೊರಟರು.

ಹಸಿರುಮನೆಯ ಬಾಗಿಲಲ್ಲೇ ಮೇಡಂ ತಡೆದರು. "ಸಾರ್, ಬೂಟು ಆ ಮದ್ದಿನ ನೀರಲ್ಲಿ ಅದ್ದಿ ಬನ್ನಿ. ಇಲ್ದಿದ್ರೆ ರೋಗ ಒಳಗೆ ಬರುತ್ತೆ."

ಸತ್ತ ಗಿಡಗಳಿಗೆ ಇನ್ಯಾವ ರೋಗವಮ್ಮ ಅನ್ನಿಸಿದರೂ ಅದ್ದಿದರು.

ಪಂಚನಾಮೆ ಬರೆಯುತ್ತಿದ್ದ ದಫೇದಾರ ನೆಲಕ್ಕೆ ಹಾಸಿದ್ದ ಬಿಳಿ ಪ್ಲಾಸ್ಟಿಕ್ ಹಾಳೆಯ ಮೇಲೆ ಬಗ್ಗಿದ. ಬರಿಗಾಲ ಗುರುತುಗಳು. ಮಣ್ಣಿಲ್ಲ, ಮದ್ದಿನ ನೀರು ಒಣಗಿದ ಕಲೆ ಮಾತ್ರ.

"ಅಲ್ಲ ಸಾರ್, ಮನೆ ಹಾಳು ಮಾಡೋಕೆ ಬಂದವರು ಕಾಲು ತೊಳ್ಕೊಂಡು ಬಂದಿದ್ದಾರಲ್ಲ!"

"ಒಳಗಿನವರೇ ಕಣಯ್ಯ. ಎಲ್ರನ್ನೂ ಕರಿ."

ಹೂವಿನ ಕೆಲಸದ ಹೆಂಗಸರು ಸಾಲಾಗಿ ನಿಂತರು. ಟೊಮೇಟೊ ಗಿಡದ ಹಸಿರುಗಪ್ಪು ಅಂಟು ಕೈಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಕೆಲಸದ ಹೊತ್ತಿನಲ್ಲಿ ಎಲ್ಲರೂ ಕೈಗವಸು ಹಾಕುತ್ತಾರೆ; ರಜೆಯ ದಿನ ಅವು ಉಗ್ರಾಣದಲ್ಲಿ, ಬೀಗದೊಳಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಎಲ್ಲರ ಕೈ ನೋಡಬೇಕು ಎಂದು ಇನ್‌ಸ್ಪೆಕ್ಟರ್ ಹೇಳಿದೊಡನೆ ಒಬ್ಬಳು ಎರಡೂ ಕೈಯನ್ನು ಬೆನ್ನ ಹಿಂದೆ ಒಯ್ದಳು. ಎಲ್ಲರಿಗಿಂತ ಹಿರಿಯಳು, ಎಲ್ಲರಿಗೂ ಚಿಮಟದಕ್ಕ.

"ಕೈ ತೋರ್ಸಮ್ಮ."

"ನಾನೇ ಕಿತ್ತೆ ಸಾರ್. ಪಾಪ, ಇವರಿಗೇನೂ ಗೊತ್ತಿಲ್ಲ."

"ಯಾಕೆ ಕಿತ್ತೆ?"

"ಹೈಬ್ರಿಡ್ ಬೀಜಕ್ಕೆ ಒಂದೊಂದು ಮೊಗ್ಗೂ ಬಿಡಿಸಿ, ಚಿಮಟದಲ್ಲಿ ಗಂಡು ಭಾಗ ತೆಗೆಯೋದು ನಮ್ಮ ಕೆಲಸ. ಈ ಹಾಳು ಗಿಡದ ಹೂವಲ್ಲಿ ಪರಾಗಾನೇ ಇಲ್ವಂತೆ, ತೆಗೆಯೋದೇ ಬೇಡ್ವಂತೆ. ಬೇರೆ ಗಿಡದ ಪರಾಗ ತಂದು ಹಾಕೋದನ್ನ ಜೇನುಹುಳ ನೋಡ್ಕೊಳ್ಳುತ್ತಂತೆ. ನಾವೆಲ್ಲಿಗೆ ಹೋಗೋಣ? ನಮಗೆ ಬೇರೇನೂ ಬರಲ್ಲ ಸಾರ್."

"ಅಕ್ಕಾ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಮೇಡಂ ಮುಂದೆ ಬಂದರು.

"ಕೇಳಿದ್ರೆ ಕೆಲಸ ಉಳೀತಿತ್ತಾ ಮೇಡಂ?"

ಮಹಿಳಾ ಪೇದೆ ಬರುವ ತನಕ ಇನ್‌ಸ್ಪೆಕ್ಟರ್ ಮೇಡಂ ಅವರನ್ನು ಪಕ್ಕಕ್ಕೆ ಕರೆದು ನಷ್ಟ ಎಷ್ಟೆಂದು ಕೇಳಿದರು.

"ಒಂದು ಬೆಳೆ ತಡ ಆಗುತ್ತೆ, ಅಷ್ಟೇ. ಇದೇ ತಳಿಯ ಬೀಜ ಶೀತಗೃಹದಲ್ಲಿದೆ. ಇವತ್ತೇ ಮತ್ತೆ ಬಿತ್ತಬೇಕು ಅಂತ ಮೇಲಿನವರ ಆದೇಶ."

ಮಧ್ಯಾಹ್ನ ಹನ್ನೆರಡಕ್ಕೆ ಬಂಧನವಾಯಿತು. ಜೀಪು ಹತ್ತುವಾಗ ಚಿಮಟದಕ್ಕನ ಮುಖದಲ್ಲಿ ಒಂಥರಾ ನೆಮ್ಮದಿ.

"ನಾನು ಒಳಗೆ ಹೋದ್ರೂ ಪರವಾಗಿಲ್ಲ ಸಾರ್. ಇನ್ನು ಅವರ ಕೆಲಸ ಹೋಗಲ್ಲ, ಅಲ್ವಾ?"

ಇನ್‌ಸ್ಪೆಕ್ಟರ್ ಹಸಿರುಮನೆಯತ್ತ ನೋಡಿದರು. "ಕೂತ್ಕೊಳ್ಳಮ್ಮ," ಎಂದಷ್ಟೇ ಹೇಳಿ, ಅವಳು ಹಿಂತಿರುಗಿ ನೋಡದಂತೆ ಜೀಪಿನ ಪರದೆ ಇಳಿಸಿದರು. ಹಸಿರುಮನೆಯ ಮುಂದೆ ಅದೇ ಹೆಂಗಸರು ಸಸಿ ತಟ್ಟೆಗಳಿಗೆ ಮಣ್ಣು ತುಂಬುತ್ತಿದ್ದರು.