ಅಂಟದ ಆಂಟೆನಾ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೂ ನನ್ನ ಎಡಗಡೆ ಮೀಸೆ ಇವತ್ತೇ ಉದುರಿಹೋಗಲಿ. ಬಲಗಡೆಯದು ಬೇಡ, ಅದು ನನಗೆ ಬೇಕು.

ಡೆಲ್ಲಾ ತುದಿಗಾಲಲ್ಲಿ ನಿಂತು ಅಜ್ಜನ ಹೊಸ ಪಿಕಪ್ ಟ್ರಕ್ಕಿನ ನೆತ್ತಿಯ ಮೇಲೆ ಆಂಟೆನಾ ಇಟ್ಟಳು. ಅದು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಮುಂದಿನ ಗಾಜಿನ ಮೇಲೆ ಸರ್ರನೆ ಜಾರಿ, ಬಾನೆಟ್ಟಿನ ಮೇಲೆ ಒಂದು ಸಲ ಕುಪ್ಪಳಿಸಿ, ದೂಳಿನಲ್ಲಿ ಅಂಗಾತ ಬಿತ್ತು.

"ಮೂರು ಸಲ ಆಯ್ತು," ಎಂದ ಆರ್ಲೊ ಅಜ್ಜ. ಅವನು ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. "ಅದಕ್ಕೆ ನಮ್ಮ ಟ್ರಕ್ ಕಂಡ್ರೆ ಆಗಲ್ಲ ಕಣೇ."

"ತಳದಲ್ಲಿ ಮ್ಯಾಗ್ನೆಟ್ ಇದೆ ಅಜ್ಜಾ! ಅಂಟ್ಕೋಬೇಕು!"

ಡೆಲ್ಲಾ ಅದನ್ನು ಎತ್ತಿಕೊಂಡು ಒಳಗೆ ಓಡಿದಳು. ಫ್ರಿಜ್ಜಿಗೆ ಹಚ್ಚಿದಳು. ಥಪ್! ಕೀಳಲು ಎರಡು ಕೈ, ಒಂದು ಮೊಣಕಾಲು ಬೇಕಾಯಿತು. ಹಳೇ ಟ್ರ್ಯಾಕ್ಟರಿಗೆ ಹಚ್ಚಿದಳು. ಥಪ್! ಮತ್ತೆ ಟ್ರಕ್ಕಿಗೆ ಹಚ್ಚಿದಳು. ಸರ್ರ್.

"ಟ್ರಕ್ ಬಗ್ಗೆ ಏನೂ ಅನ್ಬೇಡ," ಎಂದ ಅಜ್ಜ. "ನೂರು ವರ್ಷ ಹಿಮದಲ್ಲಿ ನಿಲ್ಸು, ಒಂದು ಚುಕ್ಕಿ ತುಕ್ಕು ಹಿಡಿಯಲ್ಲ. ಯಾಕ್ ಹೇಳು? ಮೈಯೆಲ್ಲ ಅಲ್ಯೂಮಿ..."

ಅಜ್ಜನ ಬಾಯಿ ಹಾಗೇ ನಿಂತಿತು.

"ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಅಂಟಲ್ಲ," ಎಂದಳು ಡೆಲ್ಲಾ ಸಣ್ಣ ದನಿಯಲ್ಲಿ. "ಮೂರನೇ ಕ್ಲಾಸಲ್ಲೇ ಓದಿದೀನಿ."

"ಓದಿ ಏನುಪಯೋಗ?"

"ಟ್ರಕ್ ತಗೊಂಡಿದ್ದು ನೀನು!"

ಆಗ ಬೆಳಗಿನ ಎಂಟು ಗಂಟೆ. ಹತ್ತು ಗಂಟೆಗೆ ಅಮ್ಮನ ರೈಲು ಊರ ಹತ್ತಿರ ಹಾದುಹೋಗುವುದಿತ್ತು.

ಡೆಲ್ಲಾಳ ಅಮ್ಮ ಜೋಲೀನ್ ಗೂಡ್ಸ್ ರೈಲು ಓಡಿಸುತ್ತಾಳೆ. ನೆಬ್ರಾಸ್ಕಾದ ಈ ಬಯಲಿನಲ್ಲಿ ಒಂದೊಂದು ಗೂಡ್ಸ್ ಎಷ್ಟು ಉದ್ದ ಎಂದರೆ, ಎಂಜಿನ್ನಿನಲ್ಲಿ ಕೂತವರು ತಿಂಡಿ ತಿನ್ನುವಾಗ ಕೊನೇ ಡಬ್ಬಿಗೆ ಇನ್ನೂ ಬೆಳಗಾಗಿರುವುದಿಲ್ಲ. ವಸಂತದಲ್ಲಿ ಅಮ್ಮನಿಗೆ ದೂರದ ಊರಿಗೆ ವರ್ಗವಾಯಿತು. ಮನೆಗೆ ಬರುವುದು ತಿಂಗಳಿಗೆ ಎರಡೇ ಸಲ. ಎಂಜಿನ್ ಹತ್ತಿದರೆ ಫೋನ್ ಆಫ್ ಮಾಡಿ ಚೀಲದಲ್ಲಿಡಬೇಕು, ಅದು ಕಾನೂನು. ಇಳಿದ ಮೇಲೆ ಫೋನ್ ಮಾಡೋಣವೆಂದರೆ ಡೆಲ್ಲಾ ಸ್ಕೂಲಿನಲ್ಲಿ, ಇಲ್ಲವೇ ನಿದ್ದೆಯಲ್ಲಿ.

ಹೋದ ತಿಂಗಳು ಅಮ್ಮನ ರೈಲು ಊರ ಹತ್ತಿರ ಹಾದುಹೋದಾಗ ಡೆಲ್ಲಾ ಹಳಿ ಪಕ್ಕ ನಿಂತು ಕೈಬೀಸಿದ್ದಳು. ರೈಲಿಗೆ ಮೂರು ಎಂಜಿನ್. ಅವಳು ಟಾಟಾ ಮಾಡಿದ್ದು ಎರಡನೆಯದಕ್ಕೆ. ಅದರಲ್ಲಿ ಯಾರೂ ಇರಲೇ ಇಲ್ಲ.

ಅದಕ್ಕೇ ಈ ಸಲ ಸ್ಕ್ಯಾನರ್. ಕೈಯಗಲದ ರೇಡಿಯೋ ಅದು. ರೈಲಿನವರು ತಮ್ಮತಮ್ಮಲ್ಲಿ ಆಡುವ ಮಾತನ್ನು ಹುಡುಕಿ ಹಿಡಿದು ಕೇಳಿಸುತ್ತದೆ. ಕೇಳಿಸುತ್ತದೆ ಅಷ್ಟೆ, ಮರುಮಾತಾಡಲು ಬರುವುದಿಲ್ಲ. ಆದರೆ ಟ್ರಕ್ಕಿನೊಳಗೆ ಅದರ ಗಿಡ್ಡ ಕಡ್ಡಿಗೆ ಬರೀ ಶ್‌ಶ್‌ಶ್ ಸಿಗುತ್ತಿತ್ತು. ಹೊರಗೆ, ನೆತ್ತಿಯ ಮೇಲೆ, ಸರಿಯಾದ ಅಳತೆಯ ಕಡ್ಡಿ ಬೇಕು. ಅಜ್ಜನ ಕೊಟ್ಟಿಗೆಯಲ್ಲಿ ಒಂಬತ್ತಡಿ ಉದ್ದದ ಒಂದು ಹಳೇ ಆಂಟೆನಾ ಇತ್ತು. "ಉದ್ದ ಇದ್ದಷ್ಟೂ ದೂರ ಕೇಳ್ಸುತ್ತೆ" ಎಂಬುದು ಅಜ್ಜನ ವಾದ. "ಅದು ಲಾರಿಯವರ ರೇಡಿಯೋದ್ದು ಅಜ್ಜಾ. ರೈಲಿನ ಅಲೆಗೆ ಒಂದೂವರೆ ಅಡಿ ಸಾಕು, ಕೆಳಗೆ ಅಗಲವಾದ ಲೋಹ ಇರ್ಬೇಕು" ಎಂದು ಡೆಲ್ಲಾ ಲೆಕ್ಕ ಹಾಕಿ ತೋರಿಸಿದ್ದಳು. ಹುಟ್ಟುಹಬ್ಬಕ್ಕೆ ಒಂದೂವರೆ ಅಡಿಯದೇ ಬಂತು.

ಬಂದದ್ದು ಈಗ ದೂಳಿನಲ್ಲಿ ಬಿದ್ದಿತ್ತು.

"ರೇಡಿಯೋದಲ್ಲಿ ನನ್ನ ಹೆಸರು ಒಂದ್ಸಲ ಹೇಳಮ್ಮಾ" ಎಂದು ಡೆಲ್ಲಾ ಬುಧವಾರ ಫೋನಿನಲ್ಲಿ ಕೇಳಿದ್ದಳು.

"ಆಗಲ್ಲ ಚಿನ್ನಾ. ಅದು ಕೆಲಸದ ರೇಡಿಯೋ. ಕೆಲಸದ ಮಾತು ಬಿಟ್ಟು ಒಂದು ಮಾತಾಡಿದ್ರೂ ಆಫೀಸಿಗೆ ಕರೀತಾರೆ."

ಹೆಸರು ಬೇಡ. ದನಿ ಕೇಳಿದರೆ ಸಾಕಿತ್ತು.

"ಅಜ್ಜಾ, ನೆತ್ತಿಗೆ ಒಂದು ತೂತು ಕೊರೆದ್ರೆ? ಸಣ್ಣದು."

ಅಜ್ಜ ಎದೆ ಹಿಡಿದುಕೊಂಡ. "ನನ್ನ ತಲೆಗೆ ಕೊರಿ. ಅಲ್ಲಿ ಹೇಗೂ ಜಾಗ ಖಾಲಿ ಇದೆ."

ಅಷ್ಟರಲ್ಲಿ ಪಕ್ಕದ ಮನೆಯ ವರ್ನಿಸ್ ಅಜ್ಜಿ ಬೇಲಿ ದಾಟಿ ಬಂದರು. ಶನಿವಾರ ಬಂತೆಂದರೆ ಅವರು ಕೊಲಾಚ್ ಸುಡುತ್ತಾರೆ. ನಡುವೆ ಹಣ್ಣಿನ ಪಾಕ ತುಂಬಿದ ಮೆತ್ತನೆ ಬನ್ನು. ಒಲೆಯಿಂದ ಇಳಿಸಿದ ಅಗಲವಾದ ತಟ್ಟೆಯನ್ನೇ ಹಿಡಿದುಕೊಂಡು ಬಂದಿದ್ದರು.

"ಏನಾಯ್ತೇ? ಮುಖ ಯಾಕೆ ಹುಳಿ ಸೇಬಿನ ಥರ ಇದೆ?"

ಡೆಲ್ಲಾಳ ಕಣ್ಣು ತಟ್ಟೆಯ ಮೇಲಿತ್ತು. ಮೆಲ್ಲಗೆ ಆಂಟೆನಾವನ್ನು ತಟ್ಟೆಯ ತಳಕ್ಕೆ ತಂದಳು.

ಥಪ್!

"ಅಯ್ಯೋ! ನಮ್ಮಮ್ಮನ ಕಾಲದ ತಟ್ಟೆ ಅದು!"

"ಕಬ್ಬಿಣದ್ದು!" ಡೆಲ್ಲಾ ಕುಣಿದಳು. "ಅಜ್ಜಿ, ಇದನ್ನ ಟ್ರಕ್ ಮೇಲೆ ಕಟ್ಕೊಳ್ಲಾ? ಅಮ್ಮನ ದನಿ ಕೇಳ್ಬೇಕು. ಹತ್ತು ಗಂಟೆಗೆ ಹೋಗ್ಬಿಡ್ತಾಳೆ. ಪ್ಲೀಸ್ ಅಜ್ಜಿ!"

ವರ್ನಿಸ್ ಅಜ್ಜಿ ಡೆಲ್ಲಾಳನ್ನು ನೋಡಿದರು. ಟ್ರಕ್ ನೋಡಿದರು. "ಮೊದಲು ತಿಂದು ಖಾಲಿ ಮಾಡಿ," ಎಂದರು.

ಹನ್ನೆರಡು ಕೊಲಾಚ್. ಅಜ್ಜ ಏಳು ತಿಂದ. ಅಷ್ಟು ಹೊತ್ತಿಗೆ ನಾನು ಅಲ್ಲಿದ್ದಿದ್ದರೆ ಲೆಕ್ಕ ಬೇರೆ ಇರುತ್ತಿತ್ತು.

ತಟ್ಟೆಯನ್ನು ಕವುಚಿ ಟ್ರಕ್ಕಿನ ನೆತ್ತಿಯ ಮೇಲಿಟ್ಟರು. ಪೇಂಟಿಗೆ ಗೀರು ಬೀಳದಂತೆ ಅಜ್ಜ ಕೆಳಗೆ ತನ್ನ ಸ್ವೆಟರನ್ನೇ ಹಾಸಿದ. ಹುಲ್ಲಿನ ಪೆಂಡಿ ಕಟ್ಟುವ ಪಟ್ಟಿಯನ್ನು ತಟ್ಟೆಯ ಮೇಲಿಂದ ಹಾಯಿಸಿ, ಎರಡೂ ಬಾಗಿಲಿನೊಳಗೆ ತಂದು ಬಿಗಿದರು. ತಟ್ಟೆಯ ನಟ್ಟನಡುವೆ ಆಂಟೆನಾ. ಥಪ್! ಅದರ ವೈರನ್ನು ಬಾಗಿಲ ರಬ್ಬರಿನ ಸಂದಿಯಲ್ಲಿ ತೂರಿಸಿ ಸ್ಕ್ಯಾನರಿಗೆ ಸಿಕ್ಕಿಸಿದರು.

ಅಜ್ಜ ದೂರ ಹೋಗಿ ನಿಂತು ನೋಡಿದ. "ಊರಲ್ಲಿ ನಂಗೊಂದು ಮರ್ಯಾದೆ ಇತ್ತು," ಎಂದ. ಆಮೇಲೆ ಟ್ರಕ್ ಹತ್ತಿದ.

ಹಳಿ ಆರು ಮೈಲಿ ದೂರ. ಜಲ್ಲಿರಸ್ತೆ ಹಳಿ ದಾಟುವ ಕಡೆ, ದಿಬ್ಬದ ಮೇಲೆ, ಅಜ್ಜ ಟ್ರಕ್ ನಿಲ್ಲಿಸಿದ. ಗಾಳಿ ಹುಲ್ಲನ್ನೆಲ್ಲ ಒಂದೇ ಕಡೆಗೆ ಬಾಚುತ್ತಿತ್ತು.

"ಬಂಪರ್ ದಾಟಿ ಒಂದು ಹೆಜ್ಜೆ ಮುಂದೆ ಹೋಗ್ಬಾರ್ದು," ಎಂದ ಅಜ್ಜ. ಟ್ರಕ್ಕಿನ ಬಾಗಿಲು ತೆರೆದಿಟ್ಟು ಸ್ಕ್ಯಾನರಿನ ದನಿ ಪೂರ್ತಿ ಏರಿಸಿದ.

ಶ್‌ಶ್‌ಶ್.

ಮತ್ತೆ ಶ್‌ಶ್‌ಶ್. ಒಂಬತ್ತೂವರೆ. ಒಂಬತ್ತು ಐವತ್ತು. ಡೆಲ್ಲಾ ಉಗುರು ಕಚ್ಚಿದಳು. ಇದ್ದಕ್ಕಿದ್ದಂತೆ ಒಂದು ಗಂಡಸಿನ ದನಿ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ: "ಇದು ಪಶ್ಚಿಮಕ್ಕೆ ಹೋಗೋ ಗಾಡಿ, ಎರಡನೇ ಲೈನು, ನಿಮ್ಮ ಕಡೆಗೇ ಬರ್ತಾ ಇದೀನಿ."

ಮತ್ತೆ ಇನ್ನೊಂದು ದನಿ.

"ಇದು ಪೂರ್ವಕ್ಕೆ ಹೋಗೋ ಗಾಡಿ. ಸಿಗ್ನಲ್ ಕ್ಲಿಯರ್."

ಡೆಲ್ಲಾ ಸ್ಕ್ಯಾನರಿನತ್ತ ಬಾಗಿದಳು. ಅದು ಅಮ್ಮ. ಮನೆಯಲ್ಲಿ ಹಾಡು ಹೇಳುವ ದನಿ ಅಲ್ಲ, ಹಾಜರಿ ಕರೆಯುವ ಟೀಚರ್ ದನಿ. ಆದರೂ 'ಕ್ಲಿಯರ್' ಎನ್ನುವಾಗ ಕೊನೆಯಲ್ಲಿ ಚೂರು ಎಳೆದಳಲ್ಲ, ಅದು ಅಮ್ಮನೇ.

"ಅಮ್ಮಾ!" ಎಂದಳು ಡೆಲ್ಲಾ ಸ್ಕ್ಯಾನರಿಗೆ. ಅದಕ್ಕೆ ಕಿವಿ ಇಲ್ಲ ಎಂದು ಗೊತ್ತಿದ್ದರೂ.

ದೂರದಲ್ಲಿ ಎಂಜಿನ್ನಿನ ಮೂತಿಯ ಮೂರು ದೀಪ ಕಂಡವು. ಯಾವಾಗ ನಡೆದಳೋ ಅವಳಿಗೇ ಗೊತ್ತಾಗಲಿಲ್ಲ. ಬಂಪರ್ ಹಿಂದೆ ಉಳಿಯಿತು, ದಿಬ್ಬದ ಅಂಚು ಹತ್ತಿರ ಬಂತು. "ಡೆಲ್ಲಾ!" ಎಂದು ಅಜ್ಜ ಕೂಗಿದ್ದನ್ನು ಗಾಳಿ ಬೇರೆ ಕಡೆ ಒಯ್ದಿತು. ಸ್ಕ್ಯಾನರ್ ಮಾತ್ರ ಜೋರಾಗಿತ್ತು.

"ಪಶ್ಚಿಮದ ಗಾಡಿಯವರೇ, ಮುಂದಿನ ರಸ್ತೆ ಹತ್ರ ಜನ ಇದಾರೆ, ನೋಡ್ಕೊಂಡು ಬನ್ನಿ. ಒಂದು ಪಿಕಪ್. ನೆತ್ತಿ ಮೇಲೆ..." ಅಮ್ಮ ಒಂದು ಕ್ಷಣ ತಡೆದಳು. "ನೆತ್ತಿ ಮೇಲೆ ಬೇಕಿಂಗ್ ತಟ್ಟೆ."

"ಏನ್ ತಟ್ಟೆ?"

"ಬೇಕಿಂಗ್ ತಟ್ಟೆ. ಬಿಸಿಲಿಗೆ ಥಳಥಳ ಅಂತಿದೆ. ಒಬ್ಬ ಅಜ್ಜ, ಒಂದು ಹುಡುಗಿ, ಹಳದಿ ಜಾಕೆಟ್."

"ಹುಡುಗಿ ಹಳಿ ಹತ್ರ ಬಂದ್ಬಿಡ್ತಾಳಾ?"

ಶ್‌ಶ್‌ಶ್.

"ಇಲ್ಲ," ಎಂದಳು ಅಮ್ಮ. "ಆ ಹುಡುಗಿ ನಂಗೊತ್ತು. ದೂರಾನೇ ನಿಂತಿರ್ತಾಳೆ."

ಡೆಲ್ಲಾ ತನ್ನ ಕಾಲು ನೋಡಿಕೊಂಡಳು.

ಒಂದು ಹೆಜ್ಜೆ ಹಿಂದೆ ಇಟ್ಟಳು. ಇನ್ನೊಂದು. ಕೈಬೀಸಲಿಲ್ಲ, ಕೂಗಲಿಲ್ಲ. ಬೆನ್ನಿಗೆ ಬಂಪರ್ ತಾಗುವವರೆಗೂ ಹಿಂದೆ ಹಿಂದೆ ಬಂದಳು. ಅಜ್ಜನ ಕೈ ಅವಳ ಹೆಗಲ ಮೇಲೆ ಬಿತ್ತು. ಆಮೇಲೆ ನೆಲ ನಡುಗಿತು. ಮೊದಲನೇ ಎಂಜಿನ್ ಗಾಳಿ ಸೀಳಿಕೊಂಡು ಹಾದುಹೋಯಿತು. ಎತ್ತರದ ಗಾಜಿನ ಹಿಂದೆ ಒಂದು ನೆರಳು ಕಂಡಂತಾಯಿತು, ಕಾಣದಂತೆಯೂ ಆಯಿತು. ಈ ಸಲ ಅವಳಿಗೆ ಅಷ್ಟು ಬೇಸರವಾಗಲಿಲ್ಲ. ಅಮ್ಮ ಹೇಳಿದ ಕಡೆಯೇ ಅವಳು ನಿಂತಿದ್ದಳು, ಕೊನೇ ಡಬ್ಬಿ ದಾಟುವವರೆಗೂ.

ಏನು, ನಂಬಿಕೆ ಬರಲಿಲ್ಲವೇ? ಆ ಟ್ರಕ್ ಈಗಲೂ ನಮ್ಮ ಬೀದಿಯಲ್ಲೇ ನಿಂತಿರುತ್ತದೆ, ಹತ್ತಿ ನೋಡಿ. ಹತ್ತುವಾಗ ಕೈಯಲ್ಲೊಂದು ಒದ್ದೆ ಬಟ್ಟೆ ಇರಲಿ. ತಟ್ಟೆಯ ಮೇಲೆ ಕಾಗೆಗಳು ಗಲೀಜು ಮಾಡಿವೆ, ಈ ವಾರ ಒರೆಸುವ ಪಾಳಿ ನನ್ನದು.