ಬುಧವಾರದ ಏಕಾದಶಿ

ಶುಕ್ರವಾರ ಬೆಳಿಗ್ಗೆ ಶಹಾಬಾದ ಠಾಣೆಯ ಕಸ ಗುಡಿಸುವ ಹೊತ್ತಿಗೇ ದೂರು ಬಂತು. ದೂರುದಾರಳು ಪ್ರಮಿತಾ, ಮನೆಯಲ್ಲೇ ಕುಳಿತು ಮೊಬೈಲ್ ಆ್ಯಪ್ ಬರೆಯುವವಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಯಾರೋ ನನ್ನ ನೋಡ್ಲಿಕತ್ತಾರ್ರಿ. ಖೋಲ್ಯಾಗ."

ಗುರುವಾರ ಆಕೆಯ ಲ್ಯಾಪ್‌ಟಾಪ್ ಮೇಲೆ ಮೂಡಿದ್ದ ಸಂದೇಶದ ಫೋಟೊವನ್ನು ಇನ್‌ಸ್ಪೆಕ್ಟರ್ ಸಂಗಮೇಶ್ವರ ಎರಡು ಸಲ ಓದಿದರು. 'ಸಾಫ್ಟ್‌ವೇರ್ ಅಳಿಸಬೇಡಿ. ಅಳಿಸಿದರೆ, ನಿನ್ನೆ ಏಕಾದಶಿ ದಿನ ಬಾಗಿಲು ಹಾಕಿಕೊಂಡು ಮಂಡಕ್ಕಿ ತಿಂದದ್ದು ಮನೆಗೆ ತಿಳಿಯುತ್ತದೆ. ಉಳಿದದ್ದನ್ನೂ ನೋಡಿದ್ದೇನೆ.'

"ಯಾವ ಸಾಫ್ಟ್‌ವೇರ್?"

"ಕನ್ನಡದಾಗ ಕೋಡ್ ಬರಿಯೋದ್ರಿ."

"ಆ್ಯಪ್ ಸ್ಟೋರಿಂದ ಇಳಿಸಿದ್ರೊ, ವೆಬ್‌ಸೈಟಿಂದೊ?"

"ವೆಬ್‌ಸೈಟಿಂದ. ಸ್ಟೋರಿನ್ಯಾಗ ಇರ್ಲಿಲ್ಲ. ನಾವು ಕೋಡ್ ಬರಿಯೋರು ಎಷ್ಟೋ ಹಂಗೇ ಇಳಿಸ್ತೀವ್ರಿ."

"ಮಾಡಿದವ್ರ ಹೆಸರು?"

"ಹಾಕಿಲ್ರಿ. ಅಮ್ಮಗ ಹೇಳಬ್ಯಾಡ್ರಿ ಸರ್. ಸೀರಿ ಉಡೋದೂ ಅದೇ ಖೋಲ್ಯಾಗ..." ಅಲ್ಲಿಗೆ ಆಕೆ ಅತ್ತುಬಿಟ್ಟಳು.

ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ವೆಬ್‌ಸೈಟ್ ಯಾರದೆಂದು ಹುಡುಕಿದರೆ ಎಲ್ಲ ಮುಚ್ಚಿಟ್ಟಿತ್ತು. ಕಲಬುರಗಿಯವನೊ ಕಾಣದ ದೇಶದವನೊ, ಯಾರಿಗೆ ಗೊತ್ತು!

ಪಂಚನಾಮೆಗೆ ಮನೆಗೆ ಹೋದಾಗ ತಾಯಿ ಭಾಮಾಬಾಯಿಗೆ ಹೇಳದೆ ವಿಧಿಯಿರಲಿಲ್ಲ. ಆಕೆ ಮಗಳನ್ನೇ ದಿಟ್ಟಿಸಿದರು. "ಏಕಾದಶಿ ದಿನ ತಿಂದ್ಯೇನ?"

"ಅಮ್ಮಾ, ಹಸಿವಿ ತಡೀಲಿಲ್ಲ."

ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ ಸಂಗಮೇಶ್ವರ ತಿರುಗಿದರು. "ಇದ್ರಾಗ ಏಕಾದಶಿ ಮಂಗಳವಾರ ಅದಲ್ರಿ ಬಾಯಾರ. ಇವರು ತಿಂದದ್ದು ಬುಧವಾರ."

"ಅದು ಊರ ಮಂದೀದು. ಈ ಸಲ ಮಂಗಳವಾರ ನಸುಕಿನ್ಯಾಗ ಇನ್ನೂ ದಶಮಿ ಸೋಂಕಿತ್ತು, ಅಂಥಾ ದಿನ ನಾವು ಉಪವಾಸ ಮಾಡಂಗಿಲ್ಲ. ನಮ್ಮ ಮಠದ ಪಂಚಾಂಗದವ್ರಿಗೆ ಬುಧವಾರನೇ ಉಪವಾಸ."

ಸಂಗಮೇಶ್ವರ ಸಂದೇಶದ ಫೋಟೊ ಮತ್ತೆ ತೆಗೆದು ನೋಡಿದರು. ಬುಧವಾರವನ್ನೇ ಏಕಾದಶಿ ಎಂದು ಬರೆದವನೂ ಅದೇ ಪಂಚಾಂಗದವನು. ದೂರದವನಲ್ಲ, ನೆಂಟರ ಮದುವೆಯಲ್ಲಿ ಪಕ್ಕದ ಎಲೆಗೆ ಕೂತವನಿರಬಹುದು. ಇದರಿಂದ ಪ್ರಮಿತಾಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು.

"ನಿಮ್ಮವ್ರಾಗ ಇಂಥಾ ಕೆಲಸ ಬಲ್ಲವ್ರು ಯಾರ್ರಿ?"

ಭಾಮಾಬಾಯಿ ಬೆರಳು ಮಡಚಿ ಎಣಿಸತೊಡಗಿ ಒಂದಕ್ಕೇ ನಿಂತರು. "ಚಿತ್ತಾಪುರದ ಸುಮಧ್ವ. ಒಬ್ಬನೇ."

ನೋಡುತ್ತಿರುವವನು ಅವನೇ ಎಂಬುದಕ್ಕೆ ಸಾಕ್ಷಿ ಸಿಗಲೆಂದು ಲ್ಯಾಪ್‌ಟಾಪನ್ನು ತೆರೆದಿಟ್ಟು, ಅದರ ಕ್ಯಾಮೆರಾ ಎದುರು ಪ್ರಮಿತಾಳ ಕುರ್ಚಿಯಲ್ಲಿ ಮಹಿಳಾ ಕಾನ್‌ಸ್ಟೆಬಲ್ ಶಹರಬಾನುವನ್ನು ಕೂರಿಸಿದರು. ಮಧ್ಯಾಹ್ನ ಚಿತ್ತಾಪುರದಲ್ಲಿ ಸುಮಧ್ವನ ಕೋಣೆಗೆ ನುಗ್ಗಿದಾಗ, ಅವನ ಪರದೆಯ ತುಂಬ ಶಹರಬಾನುವಿನ ಮುಖವಿತ್ತು. ಅವನು ಓಡಲಿಲ್ಲ. "ಇವರ್ಯಾರು? ಪ್ರಮಿತಾ ಎಲ್ಲಿ?" ಎಂದಷ್ಟೇ ಕೇಳಿದ.

ಅವನನ್ನು ಬಂಧಿಸಿ ಠಾಣೆಗೆ ತಂದರು. ಸಂಜೆ ಹೇಳಿಕೆ ಕೊಟ್ಟ. ನಾಲ್ಕು ವರ್ಷ ಕೂತು ಆ ಸಾಫ್ಟ್‌ವೇರ್ ಕಟ್ಟಿದ್ದ. ಕ್ಯಾಮೆರಾ ಯಾಕೆ ಬೇಕೆಂದು ಸ್ಟೋರಿನವರು ಕೇಳಿ ತಿರಸ್ಕರಿಸಿದ್ದರು. ವೆಬ್‌ಸೈಟಿನಲ್ಲಿ ಹಾಕಿದ. ಇಳಿಸಿಕೊಂಡವಳು ಪ್ರಮಿತಾ ಒಬ್ಬಳೇ.

"ಮಂದಿ ಬಳಸೂವಾಗ ಮುಖ ಹೆಂಗಿರ್ತದ ನೋಡಬೇಕಿತ್ರಿ. ಆಕಿ ಒಮ್ಮೊಮ್ಮೆ ನಗ್ತಿದ್ಲು. ಅಳಿಸ್ಲಿಕ್ಕೆ ಹೋದ್ಲು. ಆಕಿ ಬಿಟ್ರ ಯಾರದಾರ ನನಗ?" ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, "ಅಳಿಸಿದ್ಲೇನ್ರಿ?"

"ಇಲ್ಲ. ಲ್ಯಾಪ್‌ಟಾಪ್ ಸೀಲ್ ಆಗ್ಯದ. ಕೇಸ್ ಮುಗಿಯೋತನ ಹಂಗೇ ಇರ್ತದ."

ಸುಮಧ್ವನ ಮುಖ ಅರಳಿತು. "ಅಂದ್ರ ಆಕಿ ಇನ್ನೂ ನನ್ನ ಕೂಡನೇ ಇದ್ದಾಳ."

ಮಧ್ಯಾಹ್ನ ಆ ಕ್ಯಾಮೆರಾ ಎದುರು ಕೂತು, ಈಗ ಅವನ ಎದುರೇ ನಿಂತಿದ್ದ ಶಹರಬಾನು ಹಿಂದಕ್ಕೆ ಸರಿದು ಗೋಡೆಗೆ ಆತುಕೊಂಡಳು.