ಆರದ ಗಾರೆ

ನನ್ನಪ್ಪ ನಾರ್ಸಿಸ್ ಸ್ಪೇನಿನ ಕತಲೂನ್ಯದ ತೆರಾಸ್ಸಾದಲ್ಲಿ ಅರ್ಧ ಊರಿನ ಹಬೆ ಗಿರಣಿಗಳಿಗೆ ಕಮಾನು ಚಾವಣಿ ಕಟ್ಟಿದ ಮೇಸ್ತ್ರಿ. ಕೆಳಗಿನಿಂದ ಆಸರೆ ಕೊಡುತ್ತಿರಲಿಲ್ಲ. ತೆಳು ಇಟ್ಟಿಗೆಗೆ ಜಿಪ್ಸಮ್ ಗಾರೆ ಮೆತ್ತಿ, ಅದು ಬಿಸಿಯಾಗಿ ಕಚ್ಚಿಕೊಳ್ಳುವವರೆಗೆ ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದ. ಚಳಿಗಾಲದಲ್ಲಿ ಆ ಬೆಚ್ಚನೆಯ ಕೈಯನ್ನೇ ನನ್ನ ಕೆನ್ನೆಗಿಡುತ್ತಿದ್ದ. ಕೊನೆಯ ಇಟ್ಟಿಗೆಯನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ನಮ್ಮ ಮನೆಯ ನೆಲಮಾಳಿಗೆಯ ಚಾವಣಿಗೆ ಆ ಒಂದು ಇಟ್ಟಿಗೆ ಬಾಕಿಯಿರುವಾಗಲೇ ಅಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದು ನೆಲಮಾಳಿಗೆಯ ಬೀಗ ತೆಗೆದರೆ ಹಸಿ ಗಾರೆಯ ವಾಸನೆ. ಚಾವಣಿ ಮುಚ್ಚಿತ್ತು.

"ನೀನಾ ಇಟ್ಟಿದ್ದು?" ಎಂದು ಅಪ್ಪನ ಜೊತೆಗಾರ ಕಿರ್ಜೆಯನ್ನು ಕೇಳಿದೆ.

"ನಾನ್ ಮುಟ್ತೀನಾ ತಾಯಿ? ಮೇಸ್ತ್ರಿ ಎದ್ದು ಬಂದು ಕೈ ಮುರೀತಾರೆ," ಎಂದು ನಕ್ಕ. ಏಣಿ ಹತ್ತಿ ಮುಟ್ಟಿದವನ ನಗು ನಿಂತುಹೋಯಿತು.

ಆ ಗಾರೆ ಊಟ ಮುಗಿಸುವಷ್ಟರಲ್ಲಿ ಆರುವಂಥದ್ದು. ನನಗೀಗ ಅಪ್ಪ ತೀರಿಕೊಂಡಾಗಿನಷ್ಟೇ ವಯಸ್ಸು. ಚಳಿ ಬಂದಾಗ ಏಣಿ ಹತ್ತಿ ಆ ಇಟ್ಟಿಗೆಗೆ ಕೆನ್ನೆಯಿಡುತ್ತೇನೆ. ಇನ್ನೂ ಬೆಚ್ಚಗಿದೆ.